ಹಿಂದಿನ ಪಾಟಾ ಹೆಚ್ಚಿಸಿದರೆ ಗಾಡಿ ಹೆಚ್ಚು ಭಾರ ಹೊರುತ್ತದೆಯೇ?

ಹೇಳಿಕೆ: ಹಿಂಬದಿಗೆ ಎರಡು ಪಾಟಾ, ಅಂದರೆ ಲೀಫ್ ಸ್ಪ್ರಿಂಗ್, ಹೆಚ್ಚು ಹಾಕಿಸಿದರೆ ಜೀಪು, ಪಿಕಪ್‌ಗೆ ಎಷ್ಟು ಬೇಕಾದರೂ ಹೇರಬಹುದು.

ಸತ್ಯಾಂಶ: ತಪ್ಪು.

ಮುಂಡರಗಿ, ಲಕ್ಷ್ಮೇಶ್ವರ ಕಡೆ ಉಳ್ಳಾಗಡ್ಡಿ ಚೀಲ ಹೇರಿದ ಗಾಡಿಯ ಹಿಂಭಾಗ ಕುಸಿಯುವುದನ್ನು ನಾವೆಲ್ಲ ನೋಡಿದ್ದೇವೆ. ಪಾಟಾ ಹೆಚ್ಚಿದರೆ ಸ್ಪ್ರಿಂಗ್ ಗಡುಸಾಗಿ ಕುಸಿತ ತಗ್ಗುತ್ತದೆ, ನಿಜ. ಆದರೆ ಆಕ್ಸಲ್, ಟೈರ್, ಬ್ರೇಕ್, ಚಾಸಿಗಳ ಶಕ್ತಿ ಮೊದಲಿನಷ್ಟೇ. ಗಾಡಿ ಕುಸಿಯದ ಕಾರಣ ಓವರ್‌ಲೋಡ್ ಕಣ್ಣಿಗೆ ಬೀಳುವುದಿಲ್ಲ. ಅಪಾಯ ಇರುವುದೇ ಅಲ್ಲಿ.

ಖಾಲಿ ಓಡುವಾಗ ಗಡುಸು ಸ್ಪ್ರಿಂಗ್ ತಗ್ಗು ಬಿದ್ದ ರಸ್ತೆಯಲ್ಲಿ ಚಕ್ರವನ್ನು ಪುಟಿಸುತ್ತದೆ, ನೆಲದ ಹಿಡಿತ ತಪ್ಪುತ್ತದೆ. ಗಾಡಿ ಎತ್ತರವಾದಷ್ಟೂ ತಿರುವಿನಲ್ಲಿ ಮಗುಚುವ ಸಂಭವ ಹೆಚ್ಚು.

ಕಾನೂನು: ಪಾಟಾ ಹಾಕಿಸಿದರೆ ಆರ್‌ಸಿಯಲ್ಲಿರುವ ತೂಕ ಬದಲಾಗದು. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ ಓವರ್‌ಲೋಡ್‌ಗೆ 20,000 ರೂ., ಜೊತೆಗೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂ. ದಂಡವಿದೆ.

ಏನು ಮಾಡಬೇಕು? ಪಾಟಾ ಮುರಿದಿದ್ದರೆ ಅಥವಾ ಬಾಗು ಕಳೆದುಕೊಂಡಿದ್ದರೆ ಕಂಪನಿ ಅಳತೆಯದ್ದನ್ನೇ ಎರಡೂ ಬದಿಗೆ ಜೋಡಿಯಾಗಿ ಹಾಕಿಸಿ. ಯು-ಬೋಲ್ಟ್, ಶಾಕ್ ಅಬ್ಸಾರ್ಬರ್ ನೋಡಿಸಿ. ಮಾಲು ಹೆಚ್ಚಿದ್ದರೆ ಎರಡು ಟ್ರಿಪ್ ಮಾಡಿ. ಇಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ಆರ್‌ಸಿ ತೆಗೆದು ನೋಡಿ.