ಜನಾನಾದಿಂದ ಹೊರಬಂದ ದನಿ

ಅಂತಃಪುರಕ್ಕೆ ನಮ್ಮಲ್ಲಿ ‘ಜನಾನಾ’ ಎಂಬ ಮಾತೂ ಉಂಟು. ಅದರ ಮೂಲ ಪಾರಸಿಯ ‘ಝನ್’, ಎಂದರೆ ಹೆಂಗಸು. ಪರಪುರುಷರ ಕಣ್ಣಿಗೆ ಮರೆಯಾದ ಒಳಮನೆಗೆ ಹೆಸರು ಕೊಟ್ಟ ಈ ಶಬ್ದವನ್ನೇ, ಪಾರಸಿಯಾಡುವ ಕಾಬೂಲಿನಲ್ಲಿ 2017ರ ಮೇ ತಿಂಗಳು ಹುಟ್ಟಿದ ಒಂದು ಟೆಲಿವಿಷನ್ ವಾಹಿನಿ ತನ್ನ ಹೆಸರಾಗಿ ಇಟ್ಟುಕೊಂಡಿತು.

‘ಝನ್ ಟಿ.ವಿ.’ಯ ಸ್ಥಾಪಕರು ಹಮೀದ್ ಸಮರ್ ಎಂಬ ಗೃಹಸ್ಥರು. ತೆರೆಯ ಮೇಲೆ ವಾರ್ತೆ ಓದಿದವರು ಮಾತ್ರ ತರುಣಿಯರು. ಅಫ್ಘಾನಿಸ್ತಾನದ ಬೇರೆ ವಾಹಿನಿಗಳಲ್ಲಿಯೂ ಸ್ತ್ರೀಯರು ವಾರ್ತೆ ಓದುತ್ತಿದ್ದರು, ನಿಜ. ಆದರೆ ಇಡೀ ವಾಹಿನಿಯೇ ತಮ್ಮದೆನ್ನುವುದು ಹೊಸತು. 1996ರಿಂದ 2001ರವರೆಗೆ ತಾಲಿಬಾನರು ಟೆಲಿವಿಷನ್ನನ್ನೂ ಹೆಣ್ಣುಮಕ್ಕಳ ಶಾಲೆಗಳನ್ನೂ ಮುಚ್ಚಿಸಿದ್ದ ನಾಡು ಅದು ಎಂಬುದನ್ನು ನೆನೆದರೆ ಈ ಸಾಹಸದ ಬೆಲೆ ತಿಳಿದೀತು.

2021ರ ಆಗಸ್ಟ್ 15ರಂದು ಕಾಬೂಲು ಮತ್ತೆ ಅವರ ವಶವಾಯಿತು. ಝನ್‌ನ ಹೆಂಗಸರ ಕೆಲಸ ನಿಂತಿತು. ಬೇರೆ ವಾಹಿನಿಗಳಲ್ಲಿ ಉಳಿದಿದ್ದ ವಾರ್ತಾವಾಚಕಿಯರಿಗೂ 2022ರ ಮೇ ತಿಂಗಳಲ್ಲಿ ಮುಖ ಮುಚ್ಚಿಕೊಳ್ಳಬೇಕೆಂದು ಆಜ್ಞೆಯಾಯಿತು.

ಚರಿತ್ರೆಯಲ್ಲಿ ನಾಲ್ಕು ವರ್ಷ ಅಲ್ಪ ಕಾಲ. ಆದರೂ ಅಷ್ಟು ಕಾಲ ಕಾಬೂಲಿನ ಹುಡುಗಿಯರು ತಮ್ಮಂಥವರೇ ಲೋಕದ ಸುದ್ದಿ ಹೇಳುವುದನ್ನು ಮನೆಯಲ್ಲಿ ಕುಳಿತು ಕಂಡರು. ಬಾಗಿಲು ಮುಚ್ಚಿಸುವುದು ಫರ್ಮಾನಿಗೆ ಸುಲಭ. ಕಂಡದ್ದನ್ನು ಮರೆಯಿಸುವುದು ಅಷ್ಟು ಸುಲಭವಲ್ಲ.