ಬೆಳೆಯುವ ನಾಡಿಗೆ ಮಾರುವ ವಿದ್ಯೆ

ಕಣದಲ್ಲಿ ಕಾಫಿ ಹಣ್ಣು ಒಣಗುವ ದಿನಗಳಲ್ಲಿ ನಾಪೋಕ್ಲುವಿನ ಮನೆಗಳಿಗೆ ಹೋದರೆ ಒಂದು ಮಾತು ಕೇಳಿಬರುತ್ತದೆ: “ಮಗನ ಬಿಬಿಎ ಮುಗಿಯಿತು ಸ್ವಾಮಿ, ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದಾನೆ.” ವ್ಯವಹಾರವನ್ನೇ ಓದಿದವನು ಸ್ವಂತ ವ್ಯವಹಾರಕ್ಕೆ ಏಕೆ ಅಂಜಬೇಕು? ಹುಡುಗನನ್ನಷ್ಟೇ ದೂಷಿಸುವುದು ನ್ಯಾಯವಲ್ಲ. ಇದರ ಹಿಂದೆ ನಮ್ಮ ನಾಡಿನ ಚರಿತ್ರೆಯೂ ಇದೆ.

1940ರ ದಶಕದಿಂದ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಾಗಿತ್ತು. ಮಂಡಳಿಯೇ ಹರಾಜು ಹಾಕಿ ಕಂತುಗಳಲ್ಲಿ ಹಣ ಕೊಡುತ್ತಿತ್ತು. ಮಹಾಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ ಬೆಳೆಗಾರರನ್ನು ಉಳಿಸಿದ ವ್ಯವಸ್ಥೆ ಅದು. ಆ ಉಪಕಾರವನ್ನು ಮರೆಯಲಾಗದು. ಆದರೆ ಕೊಳ್ಳುವವನ ಮುಖ ಕಾಣದೆಯೇ ಎರಡು ತಲೆಮಾರು ಕಳೆದವು. 1990ರ ದಶಕದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಪೂರ್ತಿ ಬಿಚ್ಚಿತು. ಮಾರುವ ಸ್ವಾತಂತ್ರ್ಯ ಬಂದಿತು, ಮಾರುವ ವಿದ್ಯೆ ಅದರೊಂದಿಗೆ ಬರಲಿಲ್ಲ.

ಆ ವಿದ್ಯೆಯನ್ನು ಕಲಿಸಿದವರು ಘಟ್ಟದ ಕೆಳಗೇ ಇದ್ದರು. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ, ಸಿಂಡಿಕೇಟ್ ಬ್ಯಾಂಕ್ ಹಾಗೂ ಕೆನರಾ ಬ್ಯಾಂಕ್‌ಗಳ ಜೊತೆಗೂಡಿ, ಉಜಿರೆಯಲ್ಲಿ ‘ರುಡ್‌ಸೆಟಿ’ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆ ಆರಂಭವಾಯಿತು. ಊಟ, ವಸತಿ, ಪಾಠ ಎಲ್ಲವೂ ಉಚಿತ. ಕಸುಬಿನ ಜೊತೆಗೆ ಧೈರ್ಯ ತುಂಬುವ ಅಭ್ಯಾಸ, ಮಾರುಕಟ್ಟೆಯ ಸಮೀಕ್ಷೆ, ಬ್ಯಾಂಕಿಗೆ ಒಪ್ಪಿಸಬೇಕಾದ ಯೋಜನಾ ವರದಿ ಇವೆಲ್ಲ ಅಲ್ಲಿನ ಪಾಠಗಳು. ಕೆಲವೇ ವಾರಗಳ ಶಿಬಿರ ಮುಗಿದ ಮೇಲೂ ಸಂಸ್ಥೆ ಕಲಿತವರ ಕೈಬಿಡುವುದಿಲ್ಲ. ಸುಮಾರು ಎರಡು ವರ್ಷ ಬೆನ್ನಿಗೆ ನಿಂತು ವಿಚಾರಿಸುತ್ತದೆ. ಅದರ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಹೊಸ ಅಂಗಡಿಗೆ ಬೀಗ ಬೀಳುವ ಭಯ ಕಾಡುವುದು ಪ್ರಮಾಣಪತ್ರ ಪಡೆದ ದಿನವಲ್ಲ, ಸಾಲದ ಮೂರನೆಯ ಕಂತು ತಪ್ಪಿದ ದಿನ. 2009ರಲ್ಲಿ ಕೇಂದ್ರ ಸರಕಾರ ಇದೇ ಮಾದರಿಯನ್ನು ದೇಶದ ಜಿಲ್ಲೆ ಜಿಲ್ಲೆಗೂ ಒಯ್ಯಲು ಮುಂದಾಯಿತು.

ದೊಡ್ಡ ವಿದ್ಯಾಲಯಗಳೂ ಈ ದಾರಿಗೆ ಬಂದವು. 1973ರಲ್ಲಿ ತೆರೆದ ಬೆಂಗಳೂರಿನ ಐಐಎಂ, 2000ದ ದಶಕದ ಆರಂಭದಲ್ಲಿ ಇನ್ಫೋಸಿಸ್‌ನ ಸ್ಥಾಪಕರಲ್ಲೊಬ್ಬರಾದ ಎನ್. ಎಸ್. ರಾಘವನ್ ಅವರ ಹೆಸರಿನಲ್ಲಿ ಉದ್ಯಮಶೀಲತಾ ಕೇಂದ್ರವನ್ನು ಕಟ್ಟಿತು. ತನ್ನ ವಿದ್ಯಾರ್ಥಿಗಳಲ್ಲದವರಿಗೂ ಅದು ಬಾಗಿಲು ತೆರೆಯಿತು. ಅನುಭವಿಗಳು ಹೊಸಬರಿಗೆ ಮಾರ್ಗದರ್ಶಕರಾದರು.

ಐಐಎಂ ಮತ್ತು ಉಜಿರೆಯ ನಡುವೆ ಉಳಿದಿರುವುದು ನಮ್ಮ ಸಾಮಾನ್ಯ ಪದವಿ ಕಾಲೇಜು. ಪದವೀಧರನಿಗೆ ಜಿಲ್ಲಾ ತರಬೇತಿ ಕೇಂದ್ರ ಕಡಿಮೆ ಓದಿದವರ ಶಾಲೆಯಾಗಿ ಕಾಣುತ್ತದೆ, ಐಐಎಂ ಕೈಗೆಟುಕದು. ನಾನು ಮಾತನಾಡಿಸಿದ ಹುಡುಗ ಮೂರು ವರ್ಷ ಮಾರುಕಟ್ಟೆ ನಿರ್ವಹಣೆಯನ್ನು ಓದಿದ್ದ. ಅಪ್ಪನ ತೋಟದ ಕಾಫಿಯನ್ನು ಹುರಿದು ಪುಡಿಮಾಡಿದರೆ ಮಡಿಕೇರಿಯಲ್ಲಿ ಕೊಳ್ಳುವವರು ಯಾರೆಂದು ವಿಚಾರಿಸಿ ಬರಲು ಅವನನ್ನು ಒಬ್ಬರೂ ಕಳುಹಿಸಿರಲಿಲ್ಲ.