ಚಾರ್ಜಿಂಗ್ ಬಿಲ್ಲು: ಕರೆಂಟಿಗೋ, ಸೇವೆಗೋ?



ಸಂಜೆ ಹೊತ್ತು ಮಾಜಿವಾಡಾ ನಾಕಾದಲ್ಲಿ ಸಿಕ್ಕಿಬೀಳದ ಠಾಣೆ ಕನ್ನಡಿಗರು ಕಡಿಮೆ. ಆ ಸಾಲಿನಲ್ಲಿ ಈಗ ಹಸಿರು ನಂಬರ್ ಪ್ಲೇಟಿನ ಗಾಡಿಗಳೂ ಕಾಣುತ್ತವೆ. ಸ್ವಂತ ಪಾರ್ಕಿಂಗ್ ಇಲ್ಲದವರು, ಸೊಸೈಟಿಯ ಒಪ್ಪಿಗೆ ಸಿಗದವರು ಸಾರ್ವಜನಿಕ ಚಾರ್ಜಿಂಗ್ ಕೇಂದ್ರವನ್ನೇ ನಂಬಬೇಕು. ಅಲ್ಲಿ ಬಿಲ್ ನೋಡಿದರೆ ಶೇ. 18 ಜಿಎಸ್‌ಟಿ! ಮನೆಯ ಕರೆಂಟ್ ಬಿಲ್ಲಿನಲ್ಲಿ ರಾಜ್ಯದ ವಿದ್ಯುತ್ ಸುಂಕ ಇರುತ್ತದೆ ನಿಜ, ಆದರೆ ಬಳಸಿದ ಯೂನಿಟ್ಟುಗಳ ಮೇಲೆ ಜಿಎಸ್‌ಟಿ ಇಲ್ಲ. ಇಲ್ಲಿ ಮಾತ್ರ ಯಾಕೆ?

2001ರಲ್ಲಿ ಬೆಂಗಳೂರಿನ ಚೇತನ್ ಮೈನಿ ಅವರ ಪುಟಾಣಿ ರೇವಾ ಕಾರು ರಸ್ತೆಗಿಳಿದಾಗ ಈ ಪ್ರಶ್ನೆಯೇ ಇರಲಿಲ್ಲ. ಮನೆಯ 15 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿದರೆ ಆಯಿತು, ಮಿಕ್ಕಿದ್ದು ಮನೆಯ ಮೀಟರಿನ ಲೆಕ್ಕ. ತೊಡಕು ಬಂದದ್ದು ಚಾರ್ಜರ್ ಬೀದಿಗೆ ಬಂದ ಮೇಲೆ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಕರೆಂಟ್ ಮಾರುವಂತಿಲ್ಲ. ಹಾಗಾಗಿ ಮೊದಲು ಮುಂದೆ ಬಂದವರು ಲೈಸೆನ್ಸ್ ಇದ್ದ ವಿದ್ಯುತ್ ಕಂಪನಿಗಳೇ. 2017ರಲ್ಲಿ ನಮ್ಮ ವಿಕ್ರೋಲಿಯಲ್ಲಿ ಟಾಟಾ ಪವರ್, 2018ರಲ್ಲಿ ಬೆಂಗಳೂರಿನ ಕೆ.ಆರ್. ಸರ್ಕಲ್ಲಿನಲ್ಲಿ ಬೆಸ್ಕಾಂ. ಮಾಲ್‌ನವರೋ ಹೋಟೆಲಿನವರೋ ಚಾರ್ಜರ್ ಇಟ್ಟು ದುಡ್ಡು ತೆಗೆದುಕೊಂಡರೆ ಅದು ಕರೆಂಟ್ ಮಾರಾಟವೇ ಎಂಬ ಅನುಮಾನ ಉಳಿದೇ ಇತ್ತು.

2018ರ ಏಪ್ರಿಲ್‌ನಲ್ಲಿ ಕೇಂದ್ರ ಇಂಧನ ಸಚಿವಾಲಯ ಆ ಗಂಟು ಬಿಡಿಸಿತು. ವಿದ್ಯುತ್ ಶಕ್ತಿ ಬ್ಯಾಟರಿಯೊಳಗೆ ರಾಸಾಯನಿಕ ಶಕ್ತಿಯಾಗಿ ಮಾರ್ಪಟ್ಟು ಅಲ್ಲೇ ಶೇಖರವಾಗುತ್ತದೆ. ಆದ್ದರಿಂದ ಚಾರ್ಜ್ ಮಾಡಿಕೊಡುವುದು ವಿದ್ಯುತ್ ಮಾರಾಟವಲ್ಲ, ಸೇವೆ, ಲೈಸೆನ್ಸ್ ಬೇಕಿಲ್ಲ. ಜಾಣ ವಾದ ಅನ್ನಿ! ಯಾರು ಬೇಕಾದರೂ ಕೇಂದ್ರ ತೆರೆಯುವ ಹಾದಿ ಇದರಿಂದ ಸುಗಮವಾಯಿತು.

ಆದರೆ 'ಸೇವೆ' ಎಂಬ ಆ ಪದ ಮುಂದೆ ಜೇಬಿಗೇ ಕೈ ಹಾಕಿತು. ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಚಾರ್ಜಿಂಗ್ ಬಿಲ್ಲನ್ನು ಎರಡು ಭಾಗ ಮಾಡಲು ಹೊರಟಿತ್ತು: ಯೂನಿಟ್ಟಿನ ದರ ಒಂದು, ಸೇವಾ ಶುಲ್ಕ ಇನ್ನೊಂದು. ವಿದ್ಯುತ್ತಿಗೆ ಜಿಎಸ್‌ಟಿ ವಿನಾಯಿತಿ ಇದೆಯಲ್ಲ, ಯೂನಿಟ್ಟಿನ ದರಕ್ಕೂ ಆ ವಿನಾಯಿತಿ ಸಿಗುತ್ತದೆಯೇ ಎಂಬುದು ಪ್ರಶ್ನೆ. ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ 2023ರ ಜುಲೈನಲ್ಲಿ ಇಲ್ಲ ಎಂದಿತು. 2018ರ ಸ್ಪಷ್ಟೀಕರಣವನ್ನೇ ಮುಂದಿಟ್ಟು, ಎರಡೂ ಸೇರಿ ಒಂದೇ ಸೇವೆ, ಪೂರ್ತಿ ಮೊತ್ತಕ್ಕೆ ಶೇ. 18 ಎಂದು ಹೇಳಿತು.

ಇಂಥ ತೀರ್ಪು ಕಾನೂನಿನ ಪ್ರಕಾರ ಕೇಳಿದವರಿಗೆ ಮತ್ತು ಅವರ ತೆರಿಗೆ ಅಧಿಕಾರಿಗೆ ಮಾತ್ರ ಅನ್ವಯ. ಆದರೂ ನಮ್ಮ ಬಿಲ್ಲಿನಲ್ಲಿ ಬರುವುದು ಅದೇ 18. ಯೂನಿಟ್ಟಿಗೆ 20 ರೂಪಾಯಿ ಎಂದಿಟ್ಟುಕೊಳ್ಳಿ. 20 ಯೂನಿಟ್ ತುಂಬಿಸಿದರೆ 400 ರೂಪಾಯಿ, ಮೇಲೆ ತೆರಿಗೆ 72. ಬಂಗಲೆಯ ಗ್ಯಾರೇಜಿನಲ್ಲಿ ಪ್ಲಗ್ ಇದ್ದವರಿಗೆ ಈ 72 ಇಲ್ಲ. ಬೀದಿ ಬದಿ ಗಾಡಿ ನಿಲ್ಲಿಸುವ ಟ್ಯಾಕ್ಸಿಯವರಿಗೆ ಇದೆ. 2019ರ ಆಗಸ್ಟಿನಲ್ಲಿ ಎಲೆಕ್ಟ್ರಿಕ್ ವಾಹನದ ಮೇಲಿನ ಜಿಎಸ್‌ಟಿಯನ್ನು ಶೇ. 12ರಿಂದ 5ಕ್ಕೆ ಇಳಿಸಿದರು, ಚಾರ್ಜರಿನದನ್ನು 18ರಿಂದ 5ಕ್ಕೆ. ಗಾಡಿಗೂ 5, ಯಂತ್ರಕ್ಕೂ 5, ಆ ಯಂತ್ರದಿಂದ ಗಾಡಿಗೆ ತುಂಬಿಸುವುದಕ್ಕೆ ಮಾತ್ರ 18. ಈ ಲೆಕ್ಕ ನನಗಂತೂ ಅರ್ಥವಾಗಿಲ್ಲ.